ಬೆಂಕಿ ಕಾಣದ ಕೊಳವೆ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ನಾಳೆಯಿಂದ ನಲವತ್ತೆಂಟು ದಿನ ಮೌನ ಹಿಡಿಯಬೇಕೆಂದು ನಿಶ್ಚಯಿಸಿದ್ದೇನೆ. ಊರಿನವರಿಗೆಲ್ಲ ತಿಳಿಸಿದೆ. ಒಬ್ಬೊಬ್ಬರೂ ಒಂದೊಂದು ಸಲಹೆ ಕೊಟ್ಟರು. ಇನ್ನು ನನ್ನ ಸಂಕಲ್ಪ ಗಟ್ಟಿಯಾಯಿತು ಎನ್ನಬಹುದೆ?"

ಗುರುಗಳು ಹೇಳಿದರು:

ಒಬ್ಬ ಜವಳಿ ವ್ಯಾಪಾರಿಯಿದ್ದ. ಅವನ ಅಂಗಡಿ ತಂದೆ ಆರಿಸಿದ್ದು, ಮನೆ ಮಾವ ಆರಿಸಿದ್ದು, ತೊಡುವ ಅಂಗಿ ಅಕ್ಕ ಆರಿಸಿದ್ದು. ಐವತ್ತನೆಯ ವಯಸ್ಸಿಗೆ ಅವನೊಂದು ಸ್ಪೋರ್ಟ್ಸ್ ಕಾರು ಕೊಂಡ. ಅದರ ಬಣ್ಣವನ್ನೂ ಮನೆಯವರೇ ಆರಿಸಿದರು. ಇದರಲ್ಲಿ ಒಂದಾದರೂ ನನ್ನ ಆಯ್ಕೆಯಾಗಿರಲಿ ಎಂದು ಆಗ ಅವನು ಹಟ ತೊಟ್ಟ. ಕಾರಿನ ಉಕ್ಕಿನ ಹೊಗೆಕೊಳವೆ ತೆಗೆಸಿ ಟೈಟಾನಿಯಂ ಎಕ್ಸಾಸ್ಟ್ ಹಾಕಿಸಲು ನಿರ್ಧರಿಸಿದ.

ಒಂದು ವರ್ಷ ಹುಡುಕಿದ. ಬರೀ ಅಬ್ಬರಿಸುವುದನ್ನು ಬಿಟ್ಟ, ಬಣ್ಣ ಬಳಿದದ್ದನ್ನೂ ಬಿಟ್ಟ. ಕೊನೆಗೆ ಬಳಿಯದ ಬರಿಯ ಲೋಹದ್ದನ್ನು ಆರಿಸಿದ. ತೂಕ ಹಳೆಯದರ ಅರ್ಧ. ಎಂಜಿನ್ನಿನ ಕಾವು ತಾಗಿದಂತೆ ಅದು ತಾನಾಗಿ ಬಣ್ಣ ತಳೆಯುತ್ತದೆ: ಮೊದಲು ಹೊಂಬಣ್ಣ, ಆಮೇಲೆ ನೇರಳೆ, ಕೊನೆಗೆ ನೀಲಿ. ಆ ನೀಲಿಯನ್ನು ಯಾರೂ ಆರಿಸಿಕೊಡಲಾರರು. ಅದಕ್ಕಾಗಿಯೇ ಅವನಿಗೆ ಅದು ಬೇಕಿತ್ತು.

ಮೆಕ್ಯಾನಿಕ್ ಕೈಗವಸು ತೊಟ್ಟು ಕೊಳವೆಯನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಟ್ಟ. "ಸಾಹುಕಾರ್ರೇ, ಬರಿಗೈಯಲ್ಲಿ ಮುಟ್ಟಬೇಡಿ. ಮುಟ್ಟಿದರೆ ಸ್ಪಿರಿಟ್ಟಿನಲ್ಲಿ ಒರೆಸಿಯೇ ಗಾಡಿಗೆ ಹಾಕಬೇಕು. ಕೈಯ ಜಿಡ್ಡು ಒಮ್ಮೆ ಸುಟ್ಟರೆ ಅಚ್ಚು ಕೂತುಬಿಡುತ್ತದೆ" ಎಂದ.

ವ್ಯಾಪಾರಿ ಮುಟ್ಟಲಿಲ್ಲ. ಆದರೆ ಹೆಮ್ಮೆ ತಡೆಯದೆ ಮನೆಯವರನ್ನೆಲ್ಲ ಕರೆದ. ಅವರು ಜವಳಿಯವರು, ಬೆರಳಲ್ಲಿ ಹೊಸಕಿ ನೋಡದೆ ಕರವಸ್ತ್ರವನ್ನೂ ಕೊಳ್ಳುವವರಲ್ಲ. ವ್ಯಾಪಾರಿಯ ತಮ್ಮ ಕೊಳವೆಯ ಉದ್ದಕ್ಕೂ ಬೆರಳು ಸವರಿ, "ಇದೇನಣ್ಣ, ಡಬ್ಬಿ ತಗಡಿನ ಹಾಗಿದೆ" ಎಂದ. ಮಾವ ಗೆಣ್ಣಿನಿಂದ ತಟ್ಟಿ, "ತೂಕ ಇಷ್ಟು ಕಮ್ಮಿಯಿದ್ದರೆ ನಮ್ಮ ಗಿರಾಕಿ ಮಾಲನ್ನು ಮುಖಕ್ಕೆ ಎಸೆಯುತ್ತಾನೆ" ಎಂದ. ಅಕ್ಕ ಊದುಬತ್ತಿ ಬೆಳಗಿ, ಹೆಬ್ಬೆರಳಿನಿಂದ ಕುಂಕುಮವಿಟ್ಟಳು.

ವ್ಯಾಪಾರಿ ಸ್ಪಿರಿಟ್ಟಿನ ಬಟ್ಟೆ ಎತ್ತಿಕೊಂಡ. ಅಕ್ಕ ಅವನ ಕೈ ಹಿಡಿದಳು. "ಇಟ್ಟ ಕುಂಕುಮವನ್ನು ಇಟ್ಟ ಗಳಿಗೆಯಲ್ಲೇ ಅಳಿಸುತ್ತಾರೇನೋ? ಹಾಗೇ ಹಾಕಿಸು."

ಅವನು ಹಾಗೇ ಹಾಕಿಸಿದ. ಗಾಡಿಯನ್ನು ಹತ್ತು ಮೈಲಿ ಓಡಿಸಿ ಬಂದು, ಬಗ್ಗಿ ನೋಡಿದ.

ನೀಲಿ ಬಂದಿತ್ತು. ನೀಲಿಯ ಮೇಲೆ ತಮ್ಮನ ನಾಲ್ಕು ಬೆರಳು, ಮಾವನ ಗೆಣ್ಣು, ಅಕ್ಕನ ಹೆಬ್ಬೆರಳು ಕಪ್ಪಗೆ ಅಚ್ಚೊತ್ತಿದ್ದವು. ಅವನ ಕೈಯ ಗುರುತೊಂದೇ ಎಲ್ಲಿಯೂ ಇರಲಿಲ್ಲ.

"ಉಜ್ಜಿದರೆ ಹೋಗುತ್ತದೆ, ಆದರೆ ಬಣ್ಣವೂ ಹೋಗುತ್ತದೆ" ಎಂದ ಮೆಕ್ಯಾನಿಕ್. "ಮತ್ತೆ ಮೊದಲಿನಿಂದ ಕಾಯಿಸಬೇಕು. ಇರಲಿ ಬಿಡಿ, ಅಷ್ಟು ಬಗ್ಗಿ ಯಾರು ನೋಡುತ್ತಾರೆ?"

"ನಾನು ನೋಡುತ್ತೇನೆ" ಎಂದ ವ್ಯಾಪಾರಿ.

ಕೊಳವೆಯನ್ನು ಬಿಚ್ಚಿಸಿ ಮನೆಯ ಹಿಂದಿನ ಶೆಡ್ಡಿಗೆ ಒಯ್ದ. ಒಳಗಿನಿಂದ ಚಿಲಕ ಹಾಕಿಕೊಂಡು ತಾನೇ ಉಜ್ಜಲು ಕುಳಿತ. ಮೂರು ದಿನ ಹಿಡಿಯಿತು. ಹೊರಗೆ ತಮ್ಮ ಗೇಲಿ ಮಾಡಿದ, ಮಾವ ಬುದ್ಧಿ ಹೇಳಿದ, ಅಕ್ಕ ಕುಂಕುಮದ ಬಟ್ಟಲು ಹಿಡಿದು ಬಾಗಿಲು ಬಡಿದಳು. ಅವನು ತೆರೆಯಲಿಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

"ಎರಡನೆಯ ಸಲ ಅವನಿಗೆ ಆ ನೀಲಿ ಸಿಕ್ಕಿತೆ?" ಎಂದು ಶಿಷ್ಯ ಕೇಳಿದ.

"ಅದಿರಲಿ. ನಿನ್ನ ಮೌನವನ್ನು ಈವರೆಗೆ ಎಷ್ಟು ಜನ ಮುಟ್ಟಿ ನೋಡಿದ್ದಾರೆ?"

ಶಿಷ್ಯ ಬೆರಳು ಮಡಿಸಿ ಎಣಿಸತೊಡಗಿದವನು ಅರ್ಧದಲ್ಲೇ ನಿಲ್ಲಿಸಿದ.