ಸೀಲು ಹಾಕಿದ ಜಾಡಿ

"ಗುರುಗಳೇ, ಒಂದು ಒಗಟು. ಅವನ ಬಳಿಗೆ ಬಂದವರು ನೋವು ಎನ್ನುವುದಿಲ್ಲ, ಔಷಧ ಕೇಳುವುದಿಲ್ಲ, ವಾಸಿಯಾಗಿ ಮನೆಗೆ ಹೋಗುವುದಂತೂ ಇಲ್ಲವೇ ಇಲ್ಲ. ಹಾಗಿರುವಾಗ ಆ ವೈದ್ಯ ಗೆದ್ದನೋ ಸೋತನೋ, ಹೇಳುವವರು ಯಾರು?"

ಕೇಳಿದವನು ಚೆನ್ನವೀರ. ವೈದ್ಯ ಪದವಿ ಮುಗಿಸಿ, ಅದರ ಮೇಲೆ ಶವಪರೀಕ್ಷೆಯ ಓದನ್ನೂ ಮುಗಿಸಿದ್ದ. ಮರುದಿನದಿಂದ ಆಸ್ಪತ್ರೆಯ ಶವಾಗಾರ ಅವನ ಪಾಲಿಗೆ. ಆ ವಿದ್ಯೆ ಕಲಿಸಿದ ಗುರುಗಳ ಮುಂದೆ ಕೂತಿದ್ದ ಎನ್ನುವುದು ಹೆಸರಿಗೆ. ಕಾಲು ಸುಟ್ಟ ಬೆಕ್ಕಿನಂತೆ ಚಡಪಡಿಸುತ್ತಿದ್ದ.

"ಉತ್ತರ ಬೇಕೋ, ಕತೆ ಬೇಕೋ?" ಎಂದರು ಗುರುಗಳು.

"ಯಾವುದು ಬೇಗ ಮುಗಿಯುತ್ತದೋ ಅದು."

ಗುರುಗಳು ನಕ್ಕು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಮ್ಮಾರ ಬೆಳಗಾಗುವಷ್ಟರಲ್ಲಿ ಹಾಸಿಗೆಯಲ್ಲೇ ಸತ್ತಿದ್ದ. ಅವನ ಅಣ್ಣ ಹೆಣವನ್ನು ಮಗ್ಗುಲಾಗಿಸಿ ನೋಡಿದ. ಬೆನ್ನೆಲ್ಲ ನೇರಳೆ ಬಣ್ಣ. "ಇವಳೇ ಬಡಿದು ಕೊಂದಳು" ಎಂದು ತಮ್ಮನ ಹೆಂಡತಿಯ ಕಡೆ ಬೆರಳು ತೋರಿಸಿದ. ಹೆಣ ಶವಾಗಾರಕ್ಕೆ ಬಂತು. ಹೆಂಡತಿ ಠಾಣೆಯ ಬೆಂಚಿಗೆ ಹೋದಳು.

ಶವಾಗಾರದ ವೈದ್ಯ ಬೆನ್ನಿನ ಮೇಲೆ ಹೆಬ್ಬೆರಳು ಒತ್ತಿದ. ಒತ್ತಿದ ಕಡೆ ಬಣ್ಣ ಮಾಯ. ಬೆರಳೆತ್ತಿದರೆ ಮತ್ತೆ ಹಾಜರು. ಏಟಿನ ಕಲೆ ಹೀಗೆ ಕಣ್ಣಾಮುಚ್ಚಾಲೆ ಆಡುವುದಿಲ್ಲ. ಕೊಯ್ದೂ ನೋಡಿದ. ಮಾಂಸದಲ್ಲಿ ರಕ್ತ ಹೆಪ್ಪುಗಟ್ಟಿರಲಿಲ್ಲ. ಹೊರಗೆ ಬಂದು ನೆರೆದಿದ್ದ ಊರವರಿಗೆ ಹೇಳಿದ: "ಇದು ಏಟಲ್ಲ. ಸತ್ತ ಮೇಲೆ ರಕ್ತ ತಳಕ್ಕೆ ಇಳಿಯುತ್ತದೆ, ಗಡಿಗೆಯಲ್ಲಿ ಗಸಿ ಇಳಿದ ಹಾಗೆ. ಅಂಗಾತ ಮಲಗಿದವನಿಗೆ ಬೆನ್ನೇ ತಳ."

"ಸರಿ ಸ್ವಾಮಿ, ಏಟಲ್ಲ. ಮತ್ತೇನು?" ಎಂದ ಅಣ್ಣ.

ವೈದ್ಯ ಹೃದಯ ನೋಡಿದ್ದ, ಮೆದುಳು ನೋಡಿದ್ದ. ಕಾರಣ ಎಲ್ಲಿಯೂ ಕಂಡಿರಲಿಲ್ಲ. ಹೊಟ್ಟೆಯಲ್ಲಿದ್ದುದನ್ನು ಗಾಜಿನ ಜಾಡಿಗೆ ಹಾಕಿ, ಸೀಲು ಒತ್ತಿ, ವಿಷ ಹುಡುಕುವವರ ಪರೀಕ್ಷಾಲಯಕ್ಕೆ ಕಳಿಸಿದ್ದ.

"ಗೊತ್ತಿಲ್ಲ. ಅಲ್ಲಿಂದ ಉತ್ತರ ಬರಬೇಕು."

"ಅಷ್ಟು ವರ್ಷ ಓದಿ ಗೊತ್ತಿಲ್ಲ ಅಂತೀರಲ್ಲ. ನಮ್ಮೂರ ದನದ ಡಾಕ್ಟ್ರು ನಿಂತಲ್ಲೇ ಹೇಳ್ತಾರೆ."

"ಅವರನ್ನೇ ಕರೆಸಿ. ನಾನೂ ಪಕ್ಕದಲ್ಲಿ ನಿಂತು ಕಲೀತೀನಿ."

ಜನ ನಕ್ಕರು. ಏಟಿಲ್ಲವೆಂದ ಮೇಲೆ ಠಾಣೆಯವರು ಹೆಂಡತಿಯನ್ನು ಮನೆಗೆ ಕಳಿಸಿದರು. ಆದರೆ ಊರು ಅವಳನ್ನು ಬಿಡಬೇಕಲ್ಲ. ಏಟಿಲ್ಲದಿದ್ದರೆ ವಿಷ ಎಂದಿತು. ಅವಳ ಕೈಯ ನೀರು ಮುಟ್ಟುವವರಿಲ್ಲವಾಯಿತು. ಅಣ್ಣ ಕುಲುಮೆಗೆ ಬೀಗ ಜಡಿದ. ಪರೀಕ್ಷಾಲಯದಿಂದ ಉತ್ತರ ಬರಲಿಲ್ಲ.

ಅವಳು ವೈದ್ಯನ ಬಳಿಗೆ ಬಂದಳು. "ಎದೆ ನಿಂತು ಸತ್ತ ಅಂತ ಒಂದು ಮಾತು ಬರೆದುಬಿಡಿ ಸ್ವಾಮಿ. ನನ್ನ ಬದುಕೋಕೆ ಬಿಡ್ತಾರೆ."

ವೈದ್ಯ ಪೆನ್ನು ಕೈಗೆತ್ತಿಕೊಂಡ. ಎದೆ ನಿಲ್ಲದೆ ಸತ್ತವರು ಲೋಕದಲ್ಲಿ ಯಾರೂ ಇಲ್ಲ. ಬರೆದರೆ ಸುಳ್ಳೆಂದು ಯಾರೂ ಹಿಡಿಯಲಾರರು. ಅವಳು ಪಾರು. ಬೇರೆ ಯಾರಾದರೂ ವಿಷ ಇಕ್ಕಿದ್ದರೆ, ಅವನೂ ಪಾರು. ವೈದ್ಯ ಪೆನ್ನು ಕೆಳಗಿಟ್ಟ.

"ಏಟಿಲ್ಲ ಅಂತ ಬರೆದಿದ್ದೀನಮ್ಮ. ನನಗೆ ಗೊತ್ತಿರೋದು ಅಷ್ಟೇ. ಮಿಕ್ಕದ್ದಕ್ಕೆ ಕಾಯಬೇಕು."

ಅವಳು ಮನೆಗೆ ಹೋಗಲಿಲ್ಲ. ಶವಾಗಾರದ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಚೆನ್ನವೀರ ಎದ್ದ, ಕೂತ, ಮತ್ತೆ ಎದ್ದ. "ಆಮೇಲೆ? ಜಾಡಿಯಲ್ಲಿ ಏನಿತ್ತು?"

ಗುರುಗಳು ಎಲೆಗೆ ಸುಣ್ಣ ಸವರುತ್ತಿದ್ದರು.

"ಹೇಳಿ ಗುರುಗಳೇ. ಆ ಹೆಂಗಸನ್ನು ಮೆಟ್ಟಿಲ ಮೇಲೆ ಕೂರಿಸಿಬಿಟ್ಟು ನೀವು ಎಲೆ ಹಾಕುತ್ತಿದ್ದೀರಿ."

"ಉತ್ತರ ಬಂತು. ವಿಷ ಇರಲಿಲ್ಲ. ಅಣ್ಣ ಬಂದು ಬೀಗದ ಕೈ ಅವಳ ಮುಂದಿಟ್ಟು ತಲೆ ತಗ್ಗಿಸಿ ನಿಂತ."

ಚೆನ್ನವೀರ ಮೊದಲ ಬಾರಿಗೆ ಕಾಲು ಚಾಚಿ, ಕಂಬಕ್ಕೆ ಒರಗಿ ಕೂತ. "ಅವಳು ನಿರ್ದೋಷಿ ಅಂತ ನನಗೆ ಆಗಲೇ ಗೊತ್ತಿತ್ತು. ಆ ವೈದ್ಯ ಸುಮ್ಮನೆ ಕಾಯಿಸಿದ."

ಗುರುಗಳು ಎಲೆ ಬಾಯಿಗಿಡುತ್ತ ಹೇಳಿದರು: "ಜಾಡಿಯ ಉತ್ತರ ಇನ್ನೂ ಬಂದಿಲ್ಲ ಕಣಯ್ಯ, ನಿನ್ನ ಒದ್ದಾಟ ನೋಡಲಾರದೆ ಆ ಕೊನೆಯನ್ನು ನಾನೇ ಕಟ್ಟಿದೆ."