ಸಾಹುಕಾರ ಕೇಳಿದ ಅರ್ಧ ಪಾಲು

ಬಾಡಿಗೆಗೆ ಹಿಡಿದ ಮನೆಯಲ್ಲಿ ಮತ್ತೊಬ್ಬರನ್ನು ಬಾಡಿಗೆಗೆ ಇಟ್ಟುಕೊಳ್ಳುವುದಕ್ಕೆ ಧಾರವಾಡದ ಕಡೆ ಒಂದು ಮಾತಿತ್ತು. ಮರುಬಾಡಿಗೆಯೋ, ಒಳಬಾಡಿಗೆಯೋ, ಪುಣೆಯಲ್ಲಿ ಮುದುಕಿಯಾದ ಅಂಬಕ್ಕನಿಗೆ ಅದು ನೆನಪಾಗಲೊಲ್ಲದು. ಸಿಟ್ಟಿನಲ್ಲಿ ಇದ್ದ ಮಾತೂ ಮರೆಯುತ್ತದೆ.

ಮನೆಯ ಮಾಲೀಕ ಹಂಚಿನಾಳ ಸಾಹುಕಾರ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅವನೂ ಧಾರವಾಡದ ಕಡೆಯ, ಅಂಬಕ್ಕನ ಊರಿನವನೇ. ಅಂಬಕ್ಕ ಒಂದು ಕೋಣೆಯನ್ನು ಇಬ್ಬರು ನರ್ಸುಗಳಿಗೆ ಬಾಡಿಗೆಗೆ ಕೊಡಲು ಒಪ್ಪಿದವನೂ ಅವನೇ. ಈಗ ಆ ಬಾಡಿಗೆಯಲ್ಲಿ ಅರ್ಧ ಪಾಲು ಬೇಕಂತೆ.

“ಗ್ವಾಡಿ ನಂದು, ಗಳಿಕಿ ನಿಮ್ಮದಾ? ಕೊಡದಿದ್ರ ಇನ್‌ಕಮ್ ಟ್ಯಾಕ್ಸಿನವರಿಗೆ ಹೇಳತೀನಿ. ಮನಿ ಖಾಲಿ ಮಾಡಸತೀನಿ.”

ಮೊಮ್ಮಗಳು ವೀಣಾಳನ್ನು ಕಟ್ಟಿಕೊಂಡು ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗಬೇಕು? ಅಂಬಕ್ಕ ಕೈಯಲ್ಲಿದ್ದ ಲಟ್ಟಣಿಗೆಯನ್ನು ಅವನ ತಲೆಗೆ ಹಾಕದೆ ಮಣೆಯ ಮೇಲಿಟ್ಟಳು.

“ನೀವ್ಯಾಕ ತ್ರಾಸ ತಗೋತೀರಿ? ಈ ಸಲ ನಾನ ತೋರಸಾಕತ್ತೀನಿ. ಹುಡುಗ್ಯಾರು ಕೊಟ್ಟ ಬಾಡಗ್ಯಾಗ ನಿಮಗ ಕೊಟ್ಟ ಬಾಡಗಿ ಕಳದು, ಉಳದದ್ದಕ್ಕ ತೆರಿಗಿ ಅಂತ.”

ಸಾಹುಕಾರ ನಕ್ಕ. “ನನಗ ಕೊಟ್ಟಿದ್ದಕ್ಕ ಪಾವತಿ ಎಲ್ಲೈತಿ?”

ಬಾಡಿಗೆ ಕೊಟ್ಟು ರಸೀದಿ ಕೇಳಿದಾಗಲೆಲ್ಲ ಅವನು, “ನಮ್ಮೂರವರ ನಡುವ ಅದೆಂಥಾ ಚೀಟಿ?” ಎಂದು ನೋಟುಗಳನ್ನು ಒಳಜೇಬಿಗೆ ತುರುಕುತ್ತಿದ್ದ.

“ಇಲ್ಲ. ಹಂಗಂತನ ಹೇಳತೀನಿ. ಸಾಹುಕಾರ್ರು ರೊಕ್ಕ ಎಣಿಸೋದು ಇಬ್ಬರು ನರ್ಸ್ ಹುಡುಗ್ಯಾರು ನೋಡ್ಯಾರ, ಅವರನ್ನ ಕೇಳ್ರಿ ಅಂತೀನಿ. ನೀವೂ ಆ ಬಾಡಗಿ ತೋರಿಸಿರ್ತೀರಿ. ಹೆದರಿಕಿ ಎಂಥಾದ್ದು?”

ಸಾಹುಕಾರನ ಮೇಲಿನ ಕಾಲು ಕೆಳಗಿಳಿಯಿತು. “ಊರವರ ಊರವರನ್ನ ಹಿಡದು ಕೊಡೋದಾ? ನನಗ ಅರ್ಧ ಬ್ಯಾಡ, ಬಿಡ್ರಿ ಅಂಬಕ್ಕ. ನೀವು ಇಲ್ಲೇ ಇರ್ರಿ.”

“ಇರತೀನಿ. ಆದ್ರ ತೆರಿಗಿ ಬಿಡಾಕ ಬರೂದಿಲ್ಲ,” ಎಂದು ಅಂಬಕ್ಕ ಒಳಗೆ ಕೂಗಿದಳು. “ವೀಣಾ, ಪೆನ್ನು ತಗೊಂಡ ಬಾ. ಸಾಹುಕಾರ್ರು ತಮ್ಮ ಪ್ಯಾನ್ ನಂಬರು ಹೇಳತಾರ, ಬರಕೋ.”