ಉದ್ದಂಡರಾಯನ ನಡುವಿನವನು

"ಊರ ಜನರೆಲ್ಲ ಕಿವಿಗೊಡಿ! ಉದ್ದಂಡರಾಯರ ಅರಮನೆಗೆ ಒಬ್ಬ ನಡುವಿನವನು ಬೇಕಾಗಿದ್ದಾನೆ. ದೊರೆಗೆ ಬೇಕಾದದ್ದೇನೆಂದು ತಿಳಿದು ಕೆಲಸದವರಿಗೆ ತಿಳಿಸಬೇಕು. ಮೂರು ಒಗಟು ಬಿಡಿಸಿದವನಿಗೆ ಕೆಲಸ, ತಪ್ಪಿದವನಿಗೆ ಕೊಡಲಿ!"

ಡಂಗುರ ಕಮ್ಮಾರರ ಬೀದಿಗೆ ಬಂದಾಗ ದುರುಗ ತನ್ನ ಅಣ್ಣನಿಗೆ ಅನ್ನ ಕಲಸಿ ಕೊಡುತ್ತಿದ್ದ. ಅಣ್ಣನ ಬಲಗೈಯಲ್ಲಿ ಹೆಬ್ಬೆರಳಿರಲಿಲ್ಲ. ಆನೆ ಗುದ್ದಿದರೂ ಮುರಿಯದ ಬಾಗಿಲು ಬೇಕೆಂದು ದೊರೆ ಹೇಳಿದ್ದ, ಅಣ್ಣ ಹಾಗೆಯೇ ಮಾಡಿಕೊಟ್ಟಿದ್ದ. ಆ ಬಾಗಿಲು ಎಂಟು ಜನ ತಳ್ಳಿದರೂ ತೆರೆಯಲಿಲ್ಲ. ದೊರೆಯ ಪಲ್ಲಕ್ಕಿ ಅರ್ಧ ದಿನ ಬಿಸಿಲಲ್ಲಿ ನಿಂತಿತು, ಬೆರಳು ಹೋಯಿತು. ಆ ಬಾಗಿಲನ್ನು ದಿನಾ ತೆಗೆಯುವವರು ಯಾರು ಎಂದು ಮೊದಲೇ ಒಬ್ಬನೂ ಕೇಳಿರಲಿಲ್ಲ. ಆ ಬೀದಿಯಲ್ಲಿ ಇಂಥ ಕೈಗಳು ಐದಾಗಿದ್ದವು.

ದುರುಗನಿಗೆ ಸುತ್ತಿಗೆ ಹಿಡಿಯಲು ಬಾರದು. ಹೊಲದಿಂದ ಹೊಲಕ್ಕೆ ಅಲೆದು, ಕುಡುಗೋಲು ಎಡಗೈಯವರಿಗೋ ಬಲಗೈಯವರಿಗೋ, ಕೊಯ್ಯುವುದು ಹುಲ್ಲೋ ಕಬ್ಬೋ ಎಂದು ಕೇಳಿಕೊಂಡು ಬಂದು ಕಮ್ಮಾರರಿಗೆ ಹೇಳುವುದೇ ಅವನ ಕೆಲಸ. ಇದೂ ಒಂದು ಕೆಲಸವೇ ಎಂದು ನಗುವವರೇ ಹೆಚ್ಚು. ಅನ್ನದ ತಟ್ಟೆ ಕೆಳಗಿಟ್ಟು ಅವನು ಅರಮನೆಯ ದಾರಿ ಹಿಡಿದ.

ಉತ್ತರವನ್ನು ದೊರೆಯ ಕಿವಿಯಲ್ಲಿ ಉಸುರಬೇಕಿತ್ತು. ತಪ್ಪಿದರೆ ದೊರೆ ಅದನ್ನು ಗಟ್ಟಿಯಾಗಿ ಹೇಳಿ ಹೊಟ್ಟೆ ಹಿಡಿದು ನಗುತ್ತಿದ್ದ.

ಮೊದಲು ಹೋದವನು ಪಂಡಿತ. "ಮಗಳಂತೆ! ನನ್ನ ಒಗಟಿಗೆ ಉತ್ತರ ಮಗಳಂತೆ!" ಎಂದ ದೊರೆ, ಕೊಡಲಿ ಬಿತ್ತು. ಎರಡನೆಯವನು ಜೋಯಿಸ. ಮೊದಲನೆಯದನ್ನು ಹೇಗೋ ದಾಟಿ, ಎರಡನೆಯದಕ್ಕೆ ಮುಹೂರ್ತ ಎಂದು ಹೇಳಿ ಸತ್ತ. ಮಂತ್ರಿಯ ಸೋದರಳಿಯನಿಗೆ ಎರಡರ ಉತ್ತರವನ್ನೂ ಮಾವನೇ ಗುಟ್ಟಾಗಿ ಹೇಳಿಕೊಟ್ಟಿದ್ದ. ಮೂರನೆಯದರಲ್ಲಿ ಸಿಕ್ಕಿಬಿದ್ದ. "ವಜ್ರವಂತೆ!" ಎಂದು ದೊರೆ ನಕ್ಕಾಗ ಮಂತ್ರಿಯೂ ನಗಬೇಕಾಯಿತು.

ದುರುಗ ಮುಂದೆ ಬಂದು ನಿಂತ. ನೆಲ ರಕ್ತದಿಂದ ಇನ್ನೂ ಒದ್ದೆಯಾಗಿತ್ತು.

"ನಾನು ದುಡಿದು ಸಂಪಾದಿಸಿದ್ದು, ಇಟ್ಟುಕೊಳ್ಳುವವರು ಬೇರೆಯವರು. ನಾನಿಲ್ಲದ ಕಡೆಯೇ ಅದು ಹೆಚ್ಚು ಓಡಾಡುತ್ತದೆ. ಏನದು?" ಎಂದ ದೊರೆ.

"ಬುದ್ಧೀ, ಹೇಳೋಕೆ ಮುಂಚೆ ಒಂದು ಕೇಳ್ಬೋದಾ?"

ದೊರೆ ಹುಬ್ಬೇರಿಸಿದ. "ಕೇಳಬಾರದು ಅಂತ ನಾನೇನೂ ಸಾರಿಸಿಲ್ಲ."

"ಅದನ್ನ ಕದಿಯೋಕಾಗುತ್ತಾ?"

"ಆಗಲ್ಲ. ಕೆಡಿಸೋಕಾಗುತ್ತೆ."

"ಹಂಗಾದ್ರೆ ಒಳ್ಳೇ ಹೆಸರು, ಬುದ್ಧಿ." ಅವನು ಗಟ್ಟಿಯಾಗಿಯೇ ಹೇಳಿದ. "ದುಡಿಯೋನು ನಾನು, ಇಟ್ಕೊಳ್ಳೋದು ಜನರ ಬಾಯಿ. ನಾನು ಹೊಲದಲ್ಲಿದ್ರೆ ಅದು ಸಂತೇಲಿರುತ್ತೆ."

ಕೊಡಲಿಯವನು ಹಿಂದೆ ಸರಿದ.

"ಕಲ್ಲಲ್ಲ, ಮಣ್ಣಲ್ಲ. ಮೊದಲೇ ಹಾಕಿದರೆ ಮನೆ ಉಳಿಯುತ್ತದೆ, ಕೊನೆಗೆ ಹಾಕಿದರೆ ಮನೆ ಕೆಡವಬೇಕಾಗುತ್ತದೆ. ಏನದು?"

"ಪ್ರಶ್ನೆ, ಬುದ್ಧಿ. ನಮ್ಮಣ್ಣನ ಬಾಗಿಲಿಗೆ ಅದೊಂದು ಬಿದ್ದಿರಲಿಲ್ಲ."

ದೊರೆ ಈಗ ನಗಲಿಲ್ಲ. ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆಯೊಂದನ್ನು ತರಿಸಿ ಮುಂದಿಟ್ಟ. "ಇದರೊಳಗೇನಿದೆ?"

ದುರುಗ ಪೆಟ್ಟಿಗೆ ನೋಡಲಿಲ್ಲ, ದೊರೆಯನ್ನು ನೋಡಿದ. "ನೀವು ಒಳಗೆ ನೋಡಿದ್ದೀರಾ, ಬುದ್ಧಿ?"

ದೊರೆ ಮೀಸೆ ತಿರುವಿದ. "ಇಲ್ಲ. ನಮ್ಮಪ್ಪ ಬಿಟ್ಟುಹೋದದ್ದು. ಬೀಗದ ಕೈ ಎಲ್ಲಿದೆಯೋ."

"ಹಂಗಾದ್ರೆ ನಂಗೂ ಗೊತ್ತಿಲ್ಲ, ನಿಮ್ಗೂ ಗೊತ್ತಿಲ್ಲ. ಅದೇ ಉತ್ತರ."

"ಅದೇ," ಎಂದ ದೊರೆ. "ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನೋನು ನನಗೆ ಬೇಕಾಗಿತ್ತು."

ಮಂತ್ರಿ ನೆಲಕ್ಕೆ ಕುಸಿದ. "ಗೊತ್ತಿಲ್ಲದೇನೇ ನನ್ನ ಹುಡುಗನ್ನ ಕೊಂದ್ರಾ?"

"ಅವನೂ ಕೇಳಬಹುದಾಗಿತ್ತಲ್ಲ, ಮಂತ್ರಿಗಳೇ," ಎಂದು ದೊರೆ ಎಲೆಯಡಿಕೆ ಬಾಯಿಗೆ ಹಾಕಿಕೊಂಡ. ಎಂಥ ಪಾಪಿ!

ದುರುಗನಿಗೆ ರೇಷ್ಮೆ ರುಮಾಲು ಸುತ್ತಿದರು, ಕಲ್ಲಿನ ಮನೆ ಕೊಟ್ಟರು. "ಇನ್ನೇನು ಬೇಕು, ಕೇಳು," ಎಂದ ದೊರೆ.

"ಇನ್ಮೇಲೆ ಕೆಲಸ ಕೆಟ್ರೆ ಕಮ್ಮಾರರ ಬೆರಳು ಕತ್ತರಿಸ್ಬೇಡಿ, ಬುದ್ಧಿ. ಕೇಳಿ ಬರೋನು ನಾನು. ತಪ್ಪು ನಂದು."

"ಹಾಗಾದರೆ ಬೆರಳೂ ನಿನ್ನದೇ," ಎಂದು ದೊರೆ ಖುಷಿಯಿಂದ ಒಪ್ಪಿದ.

ಆರು ವರ್ಷ ಕಳೆಯಿತು. ದುರುಗ ಕೇಳಿ ಬಂದನೆಂದರೆ ಕೆಲಸ ಸರಿಯಾಯಿತೆಂದೇ ಲೆಕ್ಕ ಎಂದು ಪರ ಊರಿನ ಶೆಟ್ಟರು ಕೂಡ ಅವನ ಬಾಗಿಲಲ್ಲಿ ಕಾಯತೊಡಗಿದರು. ಅವನು ಕೇಳಿದ್ದರಲ್ಲಿ ಒಂದೂ ತಪ್ಪಲಿಲ್ಲ. ದೊರೆ ಮಾತ್ರ ಎರಡು ಸಲ ಮನಸ್ಸು ಬದಲಾಯಿಸಿ, ತಾನು ಹಾಗೆ ಹೇಳಿಯೇ ಇರಲಿಲ್ಲ ಎಂದ.

ದುರುಗನ ಎರಡನೆಯ ಬೆರಳು ಹೋದ ಗಾಯಕ್ಕೆ ಬಟ್ಟೆ ಕಟ್ಟುವಾಗ ಅಣ್ಣ ಬಿಕ್ಕಿ ಬಿಕ್ಕಿ ಅತ್ತ. "ಬಿಟ್ಟು ಬಂದ್ಬಿಡೋ, ನಿನ್ನ ಕಾಲಿಗೆ ಬೀಳ್ತೀನಿ."

"ಬಿಟ್ರೆ ನಾಳೆ ಬೀದಿಯವರದು ಹೋಗುತ್ತೆ. ಅಳ್ಬೇಡಣ್ಣ, ಇನ್ನೂ ಎಂಟಿದಾವೆ," ಎಂದ ದುರುಗ. ದೊರೆಗೆ ಹೊಸ ಕುರ್ಚಿ ಬೇಕಾಗಿತ್ತು, ಎಂಥದ್ದು ಎಂದು ಕೇಳಿ ಬರಲು ಎದ್ದು ಹೊರಟ.